ಮುಳುಗಿದ ಊರಿಗೆ ಮೀನು ನೋಡಲು ಹೋದದ್ದು

ನೀರೊಳಗೆ ಶಬ್ದಕ್ಕೆ ದಿಕ್ಕಿಲ್ಲ. ದಡದಲ್ಲಿ ಯಾರಾದರೂ ಕೂಗಿದರೆ ಎಡಗಡೆಯೋ ಬಲಗಡೆಯೋ ಎಂದು ಕಿವಿ ತಾನಾಗಿ ಹೇಳುತ್ತದೆ. ಹತ್ತು ಮೀಟರ್ ನೀರಿನ ಕೆಳಗೆ ಅದೇ ಕಿವಿ ಪೆದ್ದಾಗಿಬಿಡುತ್ತದೆ; ಸದ್ದು ತಲೆಬುರುಡೆಯೊಳಗೇ ಹುಟ್ಟಿದಂತೆ ಕೇಳುತ್ತದೆ. ಅಂಡಮಾನಿನ ಒಂದು ಡೈವಿಂಗ್ ಹಡಗಿನಲ್ಲಿ ಗೈಡ್ ಆಗಿದ್ದಷ್ಟು ವರ್ಷವೂ, ಹೊಸ ಗುಂಪು ಹತ್ತಿದಾಗಲೆಲ್ಲ ಇದನ್ನು ಗಿಣಿಪಾಠದಂತೆ ಒಪ್ಪಿಸುತ್ತಿದ್ದೆ. ಆ ಪಾಠ ನನಗೇ ಪೂರ್ತಿ ತಲೆಗೆ ಹತ್ತಿದ್ದು ಮಾತ್ರ ಸಮುದ್ರದಲ್ಲಲ್ಲ, ನಮ್ಮ ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿನಲ್ಲಿ.

ಹಡಗಿನ ಕೆಲಸ ಹೀಗೆ: ಜನ ದಿನಗಟ್ಟಲೆ ನೆಲ ಮುಟ್ಟದೆ ಹಡಗಿನಲ್ಲೇ ಉಂಡು, ಅಲ್ಲೇ ಮಲಗಿ, ದಿನಕ್ಕೆ ಮೂರ್ನಾಲ್ಕು ಸಲ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹವಳದ ದಿಬ್ಬಗಳಿಗೆ ಇಳಿಯುತ್ತಾರೆ. ಅವರಿಗೆ ಅಲ್ಲಿಯ ಜೀವಿಗಳನ್ನು ಹುಡುಕಿ ತೋರಿಸುವುದು ನನ್ನ ಪಾಲಿನದು. ಸಂದಿಯಲ್ಲಿ ಬಾಯಿ ತೆರೆದು ಮುಚ್ಚುತ್ತ ಕೂತ ಹಾವುಮೀನು, ಮರಳಿನಲ್ಲಿ ಹುದುಗಿ ಕಣ್ಣು ಮಾತ್ರ ಹೊರಗಿಟ್ಟ ತೊರಕೆ, ಹವಳವನ್ನು ಕರಕರ ಅಗಿಯುವ ಗಿಳಿಬಣ್ಣದ ಮೀನಿನ ಹಿಂಡು. ಕಂಡ ಕೂಡಲೇ ಸೊಂಟದ ಕಬ್ಬಿಣದ ಕಡ್ಡಿ ತೆಗೆದು ನನ್ನ ಸಿಲಿಂಡರಿಗೆ ಬಡಿಯುತ್ತೇನೆ. ಎರಡು ಏಟು ಎಂದರೆ ‘ಇಲ್ಲಿದ್ದೇನೆ, ಇತ್ತ ನೋಡಿ’. ಬಿಡದೆ ಬಡಿದರೆ ‘ಎಲ್ಲ ಬಿಟ್ಟು ನನ್ನ ಹತ್ತಿರ ಬನ್ನಿ’. ಸಮುದ್ರದ ನೀರು ತಿಳಿ. ದಿಕ್ಕು ತಿಳಿಯದಿದ್ದರೂ ಒಂದು ಸುತ್ತು ತಿರುಗಿದರೆ ನಾನು ಕಾಣುತ್ತೇನೆ. ಕಾಳೆರಚಿದ ಸದ್ದಿಗೆ ಕೋಳಿ ಬರುವ ಹಾಗೆ ಬಂದುಬಿಡುತ್ತಿದ್ದರು.

ಪ್ರತಿ ಸೀಸನ್ನಿನಲ್ಲೂ ಮೀನಿನ ಅಧ್ಯಯನಕ್ಕೆ ನಮ್ಮ ಹಡಗಿಗೆ ಬರುತ್ತಿದ್ದ ಸಂಶೋಧಕಿಯೊಬ್ಬರಿದ್ದರು. ಮೈಸೂರಿನವರು. ಮಾತು ಕಡಿಮೆ, ನೀರೊಳಗೆ ನನಗಿಂತ ಸಮಾಧಾನಿ. ನಾನು ಮೇಡಂ ಎನ್ನುತ್ತಿದ್ದೆ. ಒಂದು ವರ್ಷ, ಇನ್ನೇನು ಮಳೆ ಹಿಡಿದು ಸಮುದ್ರ ಮುಚ್ಚುತ್ತದೆ ಎನ್ನುವಾಗ ಕೇಳಿದರು: “ನಿಮ್ಮ ಕಡೆ ಕಬಿನಿಯಲ್ಲಿ ಊರುಗಳು ಮುಳುಗಿವೆಯಲ್ಲ. ಆ ಗೋಡೆ, ಆ ಮರಗಳಲ್ಲಿ ಮೀನು ಮನೆ ಮಾಡಿಕೊಂಡಿರಬೇಕು, ಇಲ್ಲಿ ಹವಳದಲ್ಲಿ ಮಾಡಿಕೊಂಡ ಹಾಗೆ. ಹೋಗಿ ನೋಡೋಣವಾ?”

“ಅಲ್ಲೇನಿದೆ ಮೇಡಂ ನೋಡೋಕೆ? ಕೆಸರು, ಜಿಲೇಬಿ ಮೀನು, ಮೊಸಳೆ. ಮೂರೇ ಐಟಂ,” ಎಂದು ನಕ್ಕೆ.

ಅವರು ನಗಲಿಲ್ಲ. ಬೇಕಾದ ಅನುಮತಿಗಳನ್ನೆಲ್ಲ ತಂದೇಬಿಟ್ಟರು. ನಾನು ಒಪ್ಪಿದ್ದಕ್ಕೆ ಕಾರಣ ಬೇರೆ. ಹುಣಸೂರಿನಲ್ಲಿ ನನ್ನ ಚಿಕ್ಕಪ್ಪ “ನಮ್ಮುಡ್ಗ ಸಮುದ್ರದ್ ಅಡಗ್ನಲ್ಲಿ ಪಾತ್ರೆ ತೊಳೀತಾನೆ” ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ನೆಲದಲ್ಲೇ ನನ್ನ ಕೆಲಸ ಏನೆಂದು ತೋರಿಸುತ್ತೇನೆ ಎಂಬ ಜಂಬದಲ್ಲಿ ಹೊರಟೆ.

ಬೇಸಿಗೆಯ ಕೊನೆ, ನೀರು ತಗ್ಗಿತ್ತು. ದಡ ಕಾಡಿನದು, ಸಂಜೆಯ ಮೇಲೆ ನೆಲದಲ್ಲಿ ಇರುವಂತಿಲ್ಲ. ಹಾಗಾಗಿ ನೀರಿನ ಮೇಲೆಯೇ ಸಂಸಾರ ಹೂಡಿದೆವು. ಖಾಲಿ ಡ್ರಮ್ಮುಗಳ ಮೇಲೆ ಬಿದಿರು ಕಟ್ಟಿ, ಟಾರ್ಪಾಲು ಹೊದಿಸಿ, ಒಂದು ಮೂಲೆಗೆ ಸೀಮೆಎಣ್ಣೆ ಸ್ಟೋವು, ಇನ್ನೊಂದು ಮೂಲೆಗೆ ಸಿಲಿಂಡರ್ ತುಂಬುವ ಕಂಪ್ರೆಸರ್. ಓಡಾಟಕ್ಕೆ ಒಂದು ತೆಪ್ಪ, ಬಿದಿರು ಹೆಣೆದು ಚರ್ಮ ಹೊದಿಸಿದ ದುಂಡು ಹರಿಗೋಲು. ಅದನ್ನು ನಡೆಸಲು ಅಲ್ಲಿಯ ಮೀನುಗಾರರಲ್ಲೇ ಒಬ್ಬ, ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವನು. ತೆಪ್ಪದಣ್ಣ ಎಂದು ಕರೆದೆ. ನಾವು ನೋಡಲು ಬಂದಿದ್ದ ಮುಳುಗಡೆಯ ಊರೇ ಅವನು ಹುಟ್ಟಿದ ಊರು.

“ಅಗೋ ಆ ಒಣಮರ, ಅದ್ರ ಇಂದ್ಗಡೆ ಆ ಬೋಳು ದಿಣ್ಣೆ. ಎರ್ಡೂ ಒಂದೇ ಗೆರೇಗೆ ಬಂತು ಅಂದ್ರೆ ನಾವು ಊರೊಳ್ಗೆ ಇದ್ದೀವಿ ಅಂತ ಲೆಕ್ಕ ಸಾ,” ಎಂದು ಮೊದಲ ದಿನ ತೋರಿಸಿದ. ನಾನು ಹುಣಸೂರಿನವನು ಎಂದು ಗೊತ್ತಾದ ಮೇಲೆ ‘ಸಾ’ ಹೋಗಿ ‘ತಮ್ಮ’ ಆಯಿತು. ಅವನ ಕಟ್ಟಪ್ಪಣೆ ಒಂದೇ: ಡ್ರಮ್ಮಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಬಾರದು. ಮೊಸಳೆ ದಡದ ತೆಳುನೀರಿನಲ್ಲೇ ಹೆಚ್ಚು, ನಡುನೀರಿಗೆ ಬರುವುದು ಕಡಿಮೆ. ಕಡಿಮೆ ಎಂದ, ಇಲ್ಲ ಎನ್ನಲಿಲ್ಲ.

ಇಳಿಯುವ ಮುಂಚೆ ಮೇಡಂ ಜೊತೆ ಸಂಜ್ಞೆಗಳನ್ನು ಮತ್ತೆ ಗಟ್ಟಿ ಮಾಡಿಕೊಂಡೆ. ಸಿಲಿಂಡರಿಗೆ ಎರಡು ಏಟು ಹಾಕಿ ತೋರಿಸುವಾಗ ಹಗ್ಗ ಸುತ್ತುತ್ತಿದ್ದ ತೆಪ್ಪದಣ್ಣನ ಕೈ ನಿಂತಿತು.

“ಇನ್ನೊಂದ್ಸಲ ಬಡಿ ತಮ್ಮ.”

“ಯಾಕಣ್ಣ?”

“ನಮ್ಮವ್ವ ಮೂಗಿ ಕಣಪ್ಪ. ಬಾಗ್ಲತ್ರ ನಿಂತು ಯಾರಾರ ಕೂಗುದ್ರೆ ಒಳಗಿಂದ ಒಳಕಲ್ ಮೇಲೆ ಗುಂಡು ಕುಟ್ಟೋಳು. ಎರ್ಡೇ ಏಟು. ‘ಒಳ್ಗೆ ಇವ್ನಿ, ನಿಂತ್ಕಳಿ’ ಅಂತ. ಊರೋರ್ಗೆಲ್ಲ ಗೊತ್ತಿತ್ತು.” ಅವನೇ ಮುಂದುವರಿಸಿದ. “ನೀರು ಬಂದಾಗ ನೆಲಕ್ಕೆ ಹೂತಿದ್ದ ಕಲ್ಲು ಕೀಳಕ್ಕಾಗ್ನಿಲ್ಲ. ಹೊಸ ಊರಲ್ಲಿ ಯಾರು ಕೂಗುದ್ರೂ ಸುಮ್ಕೆ ಕುಂತಿರೋಳು. ಅಂಗೇ ಸತ್ತೋದ್ಲು.”

ನಾನು ಇನ್ನೊಮ್ಮೆ ಬಡಿದೆ. ಅವನು ತಲೆಯಾಡಿಸಿ ಹಗ್ಗ ಸುತ್ತುವುದನ್ನು ಮುಂದುವರಿಸಿದ.

ಮೊದಲ ಮುಳುಗಿನಲ್ಲೇ ನನ್ನ ಜಂಬ ಇಳಿಯಿತು. ಮುಳುಗುವ ಜಾಗದ ಗುರುತಿಗೆ ಬೇರೆಯೇ ಬಿಟ್ಟಿದ್ದ ತೇಲುಡ್ರಮ್ಮಿಗೆ ಕಟ್ಟಿ ಇಳಿಬಿಟ್ಟ ಹಗ್ಗವನ್ನು ಹಿಡಿದು ಕೆಳಗೆ ಹೋಗಬೇಕು. ಎರಡು ಆಳುದ್ದ ಇಳಿಯುವಷ್ಟರಲ್ಲಿ ಹಸಿರು ಬೆಳಕು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ಆಮೇಲೆ ಅದೂ ಇಲ್ಲ. ಟಾರ್ಚ್ ಹಾಕಿದರೆ ಚಾಚಿದ ಕೈಗಿಂತ ಒಂದು ಮಾರು ಆಚೆ ಕಾಣುತ್ತದೆ, ಅಷ್ಟೇ. ಆ ಒಂದು ಮಾರಿನೊಳಕ್ಕೆ ಒಂದೊಂದೇ ವಸ್ತು ಬರುತ್ತಿತ್ತು: ಎಲೆ ಇಲ್ಲದೆ ನಿಂತೇ ಇರುವ ಮರ, ಸೊಂಟದೆತ್ತರ ಉಳಿದ ಮಣ್ಣಿನ ಗೋಡೆ, ಮನೆಯಿಲ್ಲದ ಕಲ್ಲಿನ ಹೊಸ್ತಿಲು. ಕಾಲಿನ ರೆಕ್ಕೆ ಒಂದಿಷ್ಟು ಜೋರಾಗಿ ಆಡಿಸಿದರೂ ಹೂಳು ಎದ್ದು ಅದೂ ಮುಚ್ಚಿಹೋಗುತ್ತಿತ್ತು.

ಆದರೆ ಮೇಡಂ ಹೇಳಿದ್ದು ನಿಜ. ಮೀನು ಇದ್ದವು. ಗೋಡೆಯ ಗೂಡಿನಲ್ಲಿ, ದೀಪ ಇಡುತ್ತಿದ್ದ ಜಾಗದಲ್ಲಿ, ಒಂದು ಹಾವುಮೀನು ಸುತ್ತಿಕೊಂಡಿತ್ತು. ಮರದ ಪೊಟರೆಯಲ್ಲಿ ಜಿಲೇಬಿ ಮೀನಿನ ಮರಿಗಳು. ಕಲ್ಲುಮಂಟಪವೊಂದರ ಕೆಳಗೆ ನನ್ನ ತೋಳಿನಷ್ಟುದ್ದದ ಬಾಳೆಮೀನುಗಳು ಒಂದೇ ಕಡೆ ಮುಖ ಮಾಡಿ ಅಲುಗದೆ ನಿಂತಿದ್ದವು, ಯಾರೋ ಒಳಗೆ ಕರೆಯುತ್ತಾರೆಂದು ಕಾಯುವವರಂತೆ. ಹವಳದ ದಿಬ್ಬದಲ್ಲಿ ಮೀನು ನನ್ನನ್ನು ಕಂಡು ಚದುರುತ್ತವೆ, ಇಲ್ಲವೇ ಹತ್ತಿರ ಬಂದು ನೋಡುತ್ತವೆ. ಇವು ಎರಡೂ ಮಾಡಲಿಲ್ಲ. ಮೇಲೆ ಬಂದಾಗ ಮೇಡಂ ಮುಖ ಹೂವಾಗಿತ್ತು. ನನಗೆ ಬಿಸಿ ಕಾಫಿ ಕುಡಿದರೂ ಚಳಿ ಬಿಡಲಿಲ್ಲ.

ಮೊದಮೊದಲು ನಾವಿಬ್ಬರೂ ಒಂದು ಚಿಕ್ಕ ಹಗ್ಗದಿಂದ ಪರಸ್ಪರ ಕಟ್ಟಿಕೊಂಡು ಇಳಿಯುತ್ತಿದ್ದೆವು. ಅದು ಮರದ ರೆಂಬೆಗಳಿಗೆ ಸಿಕ್ಕಿ ಸಿಕ್ಕಿ ಪ್ರಾಣ ತಿನ್ನುತ್ತಿತ್ತು. ಕೊನೆಯ ದಿನ ಮೇಡಂ “ಇವತ್ತು ಇದು ಬೇಡ, ಭುಜಕ್ಕೆ ಭುಜ ತಾಗಿಸಿಕೊಂಡೇ ಇರೋಣ” ಎಂದರು. ನನಗೂ ಸಾಕಾಗಿತ್ತು, ಬಿಚ್ಚಿಟ್ಟೆ.

ಮಂಟಪದ ಹತ್ತಿರ ಅವರು ಬಾಳೆಮೀನಿನ ಫೋಟೋ ತೆಗೆಯುತ್ತಿದ್ದರು. ನಾನು ಪಕ್ಕದ ಕಂಬದ ಬುಡ ನೋಡಲು ಬಗ್ಗಿದೆ. ಆಗ ಶುರುವಾಯಿತು. ಟಕ್ ಟಕ್ ಟಕ್ ಟಕ್, ಬಿಡದೆ, ತಲೆಯೊಳಗೆ. ಬಾಳೆಮೀನುಗಳು ಒಮ್ಮೆಲೇ ತಿರುಗಿ ನುಗ್ಗಿದವು, ಹೂಳೆದ್ದು ಟಾರ್ಚ್ ಕುರುಡಾಯಿತು. ಮೇಡಂ ಬಡಿಯುತ್ತಿದ್ದಾರೆ, ಏನೋ ಅನಾಹುತವಾಗಿದೆ ಎಂದುಕೊಂಡು ಅವರಿದ್ದ ಕಡೆ ಕೈಯಾಡಿಸಿದೆ. ಬರಿಯ ನೀರು. ಸುತ್ತ ತಿರುಗಿದೆ. ಸದ್ದು ಎಲ್ಲ ಕಡೆಯಿಂದಲೂ ಬರುತ್ತಿತ್ತು. ಜೊತೆಗಾರರು ತಪ್ಪಿದರೆ ಸ್ವಲ್ಪ ಹುಡುಕಿ ಇಬ್ಬರೂ ಮೇಲಕ್ಕೆ ಬರಬೇಕು ಎಂಬುದು ನಮ್ಮ ನಿಯಮ. ಹುಡುಕಿದೆ, ಮೇಲೆ ಬಂದೆ. ಅವರು ಬಂದಿರಲಿಲ್ಲ.

ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಸ್ವಲ್ಪ ದೂರದಲ್ಲಿ ಐದಾರು ತೆಪ್ಪಗಳು ಅರ್ಧಚಂದ್ರಾಕಾರವಾಗಿ ನಿಂತಿದ್ದವು. ಒಬ್ಬೊಬ್ಬರೂ ಕೈಯಲ್ಲಿದ್ದ ಹುಟ್ಟಿನಿಂದ ತೆಪ್ಪದ ಅಂಚನ್ನು ಬಡಿಯುತ್ತಿದ್ದರು. ಹಿನ್ನೀರಿನಲ್ಲಿ ಮೀನು ಹಿಡಿಯುವ ಪದ್ಧತಿ ಅದು: ಬಲೆ ಇಳಿಬಿಟ್ಟು, ಎದುರುಗಡೆಯಿಂದ ಬಡಿದು ಸದ್ದು ಮಾಡುತ್ತ ಬಂದರೆ ಹೆದರಿದ ಮೀನು ಬಲೆಗೆ ನುಗ್ಗುತ್ತದೆ. ನಮ್ಮ ಸಂಜ್ಞೆ ಜನರನ್ನು ಕರೆಯುವುದಕ್ಕೆ. ಅವರ ಬಡಿತ ಮೀನನ್ನು ಅಟ್ಟುವುದಕ್ಕೆ. ನೀರೊಳಗೆ ಎರಡೂ ಒಂದೇ ಸದ್ದು. ಇಷ್ಟು ದಿನ ಒಟ್ಟಿಗೆ ಉಂಡ ತೆಪ್ಪದಣ್ಣನಿಗೂ ನನಗೂ ಇದು ಹೊಳೆದೇ ಇರಲಿಲ್ಲ.

“ನಿಲ್ಸ್ರೋ! ಬಡಿಯೋದು ನಿಲ್ಸ್ರೋ!” ಎಂದು ಗಂಟಲು ಹರಿಯುವಂತೆ ಕೂಗಿದೆ.

“ನಿಮ್ ಡ್ರಮ್ ತಾವ್ಕೆ ನಾವು ಬಂದೇ ಇಲ್ವಲ್ಲ ಸಾ! ದೂರ್ದಲ್ಲೇ ಅಲ್ವಾ ಬಡೀತಿರೋದು!” ಎಂದ ಅವರಲ್ಲಿ ಹಿರಿಯ. ಅವರ ತಪ್ಪೇನೂ ಇರಲಿಲ್ಲ. ತೇಲುಡ್ರಮ್ಮಿನ ಹತ್ತಿರ ಬರಬೇಡಿ ಎಂದಿದ್ದೆವು, ಬಂದಿರಲಿಲ್ಲ. ತೆಪ್ಪದಣ್ಣ ಎದ್ದು ನಿಂತು “ಮೇಡಮ್ಮೋರು ತಳ್ದಲ್ಲವ್ರೆ ಕಣ್ರಲಾ!” ಎಂದು ಕೂಗಿದ ಮೇಲೆ ಎಲ್ಲ ಹುಟ್ಟುಗಳೂ ನಿಂತವು.

ಇಡೀ ಹಿನ್ನೀರು ಮೌನವಾಯಿತು. ತಲೆ ಮುಳುಗಿಸಿ ಕೇಳಿದೆ. ನನ್ನ ಎದೆಬಡಿತ ಬಿಟ್ಟು ಏನೂ ಕೇಳಲಿಲ್ಲ. ಮೇಡಂ ಸಿಲಿಂಡರಿನಲ್ಲಿ ಅರ್ಧಕ್ಕಿಂತ ಕಡಿಮೆ ಗಾಳಿ ಇತ್ತು. ಹೆದರಿ ಏದುಸಿರು ಬಿಟ್ಟರೆ ಅದೂ ಬೇಗ ಮುಗಿಯುತ್ತದೆ.

“ಗುಳ್ಳೆ ನೋಡಿ, ಎಲ್ಲಾದ್ರೂ ಗುಳ್ಳೆ ಏಳ್ತಿದೆಯಾ ನೋಡಿ!”

ಯಾರೂ ಅಲುಗಲಿಲ್ಲ. ಒಬ್ಬ ಮಾತ್ರ ಒಣಮರದ ಗೆರೆಯ ಕಡೆ ಕೈ ತೋರಿಸಿ, ತಕ್ಷಣ ಕೈ ಹಿಂದಕ್ಕೆಳೆದುಕೊಂಡ. “ಅಲ್ಲಿ ಊರು ಉಸ್ರು ಬುಡ್ತದೆ ಸಾ. ನಾವು ಆ ಕಡೀಕೆ ತೆಪ್ಪ ಒಯ್ಯಕ್ಕಿಲ್ಲ, ಬಲೇನೂ ಬುಡಕ್ಕಿಲ್ಲ.”

ನೋಡಿದೆ. ಒಂದು ಹಿಡಿ ಗುಳ್ಳೆ, ಸ್ವಲ್ಪ ಬಿಡುವು, ಮತ್ತೆ ಒಂದು ಹಿಡಿ. ಕೊಳೆತ ಕೆಸರಿನ ಅನಿಲ ಹೀಗೆ ಬರುವುದಿಲ್ಲ, ಅದು ಬೇಕಾಬಿಟ್ಟಿ ಬರುತ್ತದೆ. ಇದು ಮನುಷ್ಯ ಉಸಿರು ಬಿಡುವ ಲಯ. ವರ್ಷಗಟ್ಟಲೆ ಅದನ್ನೇ ನೋಡಿದವನು ನಾನು. “ಅದು ಮೇಡಂ ಕಣ್ರೋ, ದೆವ್ವ ಅಲ್ಲ!” ಎಂದು ಬೈದು ಅಲ್ಲಿಗೇ ಈಜಿ ಮುಳುಗಿದೆ.

ಗುಳ್ಳೆಗಳ ದಾರಿಯಲ್ಲೇ ಇಳಿದೆ. ತಳದಲ್ಲಿ ಒಂದು ಹೊಸ್ತಿಲು, ಅದರಾಚೆ ಮನೆಯ ನೆಲ. ಮೇಡಂ ಇರಲಿಲ್ಲ. ನೆಲದಲ್ಲಿ ಹೂತ ಒಳಕಲ್ಲು ಇತ್ತು. ಅದರ ಮೇಲೆ ಬೋರಲಾಗಿ ಒಂದು ಅಲ್ಯೂಮಿನಿಯಂ ಪಾತ್ರೆ, ಯಾವ ಕಾಲದಲ್ಲೋ ಯಾವುದೋ ತೆಪ್ಪದಿಂದ ಬಿದ್ದದ್ದಿರಬೇಕು. ನಾನು ನೋಡುತ್ತಿದ್ದಂತೆ ಪಾತ್ರೆಯ ಒಂದು ಅಂಚು ತಾನಾಗಿ ಮೇಲೆದ್ದಿತು. ಒಳಗಿಂದ ಗುಳ್ಳೆಗಳು ಬುಸ್ಸೆಂದು ಹೊರಟವು. ಅಂಚು ಕಲ್ಲಿನ ಮೇಲೆ ಬಿದ್ದು ಪುಟಿಯಿತು. ಟಕ್, ಟಕ್.

ಭಯವಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಳಕಲ್ಲಿನ ಗುಂಡಿಯಲ್ಲಿ ತುಂಬಿದ ಕೆಸರಿನಿಂದ ಅನಿಲ ಏಳುತ್ತದೆ, ಪಾತ್ರೆಯಲ್ಲಿ ಸೇರುತ್ತದೆ, ತುಂಬಿದಾಗ ಎತ್ತುತ್ತದೆ, ಖಾಲಿಯಾದಾಗ ಬೀಳುತ್ತದೆ. ಬುದ್ಧಿ ಇಷ್ಟನ್ನೂ ಅಲ್ಲೇ ಬಿಡಿಸಿ ಹೇಳಿತು. ಆದರೂ ಬೆನ್ನು ಹಾಕಿ ಮೇಲೆ ಬರುವಾಗ ಹಿಂತಿರುಗಿ ನೋಡಲು ಧೈರ್ಯ ಬರಲಿಲ್ಲ.

ಮೇಲೆ ಬಂದು ತೆಪ್ಪದ ಅಂಚು ಹಿಡಿದು ಯೋಚಿಸಿದೆ. ಕಂಡದ್ದರ ಹಿಂದೆಲ್ಲ ಓಡಿದರೆ ಮೇಡಂ ಉಳಿಯುವುದಿಲ್ಲ. ಅವರು ಏನು ಮಾಡಿರುತ್ತಾರೆ? ಬಿಡದ ಬಡಿತ ಕೇಳಿದ್ದಾರೆ. ನಾನು ಕರೆಯುತ್ತಿದ್ದೇನೆ ಅಂದುಕೊಂಡಿದ್ದಾರೆ. ಹೂಳಿನಲ್ಲಿ ಏನೂ ಕಾಣದೆ, ನುಗ್ಗುತ್ತಿದ್ದ ಮೀನಿನ ಜೊತೆಗೇ ಹೊರಟಿದ್ದಾರೆ. ಮೀನು ಹೋದದ್ದೆಲ್ಲಿಗೆ?

“ನಿಮ್ಮ ಬಲೆ ಎಲ್ಲಿ ಬಿಟ್ಟಿದ್ದೀರಿ?”

ಅವರಲ್ಲಿ ಹಿರಿಯವನು ಕೆಳಗಿನ ಮಂಟಪದ ಆಚೆಗೆ ತೋರಿಸಿದ. ತೇಲುಬೆಂಡುಗಳ ಸಾಲಿನಲ್ಲಿ ನಡುವಿನ ನಾಲ್ಕಾರು ಬೆಂಡು ನೀರೊಳಗೆ ಹೋಗಿದ್ದವು. ಕಂಡ ಕೂಡಲೇ ಇಬ್ಬರು ತೆಪ್ಪ ತಿರುಗಿಸಿದರು. “ಎಳೀರ್ಲಾ, ಎಳೀರಿ!”

“ಬೇಡ! ಯಾರಾದ್ರೂ ಎಳೆದ್ರೋ ನನ್ನಾಣೆ! ಕೈ ಹಚ್ಚಬೇಡಿ!” ಎಳೆದರೆ ಬಲೆ ಬಿಗಿದು ಬಾಯಲ್ಲಿನ ಉಸಿರಿನ ನಳಿಕೆ ಕಿತ್ತು ಬರುತ್ತದೆ. ಸುಮ್ಮನೆ ನಿಲ್ಲುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ತೆಪ್ಪದಣ್ಣ ಎರಡೂ ಕೈ ಚಾಚಿ ಅವರನ್ನು ತಡೆದು ನಿಲ್ಲಿಸಿದ. ನಾನು ಇನ್ನೊಂದು ಸಿಲಿಂಡರನ್ನು ಎದೆಗೆ ಅವಚಿಕೊಂಡು, ಬಲೆಯ ಅಂಚನ್ನು ಹಿಡಿದು ಇಳಿದೆ.

ಮೊದಲು ಮೀನು ಸಿಕ್ಕವು. ಬಾಳೆಮೀನು, ಗೆಂಡೆ, ಒಂದು ದೊಡ್ಡ ಬಿಳಿಮೀನು. ಅಡ್ಡಡ್ಡ ತೂಗುಬಿದ್ದು, ಕಿವಿರು ಆಡಿಸುತ್ತ, ಟಾರ್ಚಿಗೆ ಕಣ್ಣು ಮಿಟುಕಿಸದೆ. ನಾವು ನೋಡಲು ಬಂದದ್ದೆಲ್ಲ ಒಂದೇ ಗೋಡೆಗೆ ನೇತು ಹಾಕಿದಂತಿತ್ತು. ಅವುಗಳ ನಡುವೆ ಮೇಡಂ. ಸಿಲಿಂಡರಿನ ಕತ್ತು, ಒಂದು ತೋಳು, ಎರಡೂ ಕಾಲು ಬಲೆಯಲ್ಲಿ. ಅಲುಗಾಡುತ್ತಿರಲಿಲ್ಲ. ಮುಗಿಯಿತು ಎಂದುಕೊಂಡೆ. ಆಗ ಅವರ ಬಾಯಿಂದ ಸಣ್ಣ ಸಾಸಿವೆ ಕಾಳಿನಂಥ ಗುಳ್ಳೆಗಳು ನಾಲ್ಕಾರು ಹೊರಟವು.

ಗಾಳಿಯ ಮುಳ್ಳು ಕೆಂಪಿನ ತುದಿಯಲ್ಲಿತ್ತು. ಹೊಸ ಸಿಲಿಂಡರಿನ ನಳಿಕೆಯನ್ನು ಬಾಯಿಗಿಟ್ಟೆ. ಕಚ್ಚಿಕೊಂಡು ದೀರ್ಘವಾಗಿ ಉಸಿರೆಳೆದರು. ಆಮೇಲೆ ಒಂದೊಂದೇ ಎಳೆ ಕತ್ತರಿಸಿದೆ. ಅವರು ಅಲುಗದೆ ಕಾದರು. ಮೇಲೆ ಬಂದಾಗ ತೆಪ್ಪದವರೆಲ್ಲ ಕೈ ಕೊಟ್ಟು ಎತ್ತಿಕೊಂಡರು. ಹಿರಿಯ ತನ್ನ ಹೆಗಲ ಟವಲನ್ನು ತೆಗೆದು ಅವರಿಗೆ ಹೊದಿಸಿದ.

ಬಿಸಿ ಬಿಸಿ ಕಾಫಿ ಎರಡು ಲೋಟ ಹೊಟ್ಟೆಗೆ ಹೋದ ಮೇಲೆ ಮೇಡಂ ಮಾತಾಡಿದರು. “ಮೊದಲು ತುಂಬಾ ಒದ್ದಾಡಿದೆ. ಚಾಕು ಕೈಜಾರಿ ಬಿತ್ತು. ಇನ್ನು ಸತ್ತೆ ಅನ್ನಿಸಿತು. ಆಗ ಟಾರ್ಚಿನಿಂದ ಸಿಲಿಂಡರಿಗೆ, ಕೈ ಆಡಿದಷ್ಟೇ, ಮೆಲ್ಲಗೆ ಎರಡು ಏಟು ಹಾಕಿದೆ. ನೀವು ಎರಡು ಏಟು ಹಾಕಿ ಉತ್ತರ ಕೊಟ್ಟಿರಿ. ಮತ್ತೆ ಹಾಕಿದೆ, ಮತ್ತೆ ಕೊಟ್ಟಿರಿ. ಇಲ್ಲೇ ಇದ್ದಾರೆ, ಬರುತ್ತಾರೆ ಅಂತ ಧೈರ್ಯ ಬಂತು. ಕಣ್ಣು ಮುಚ್ಚಿ, ಅಲುಗದೆ, ಚೂರು ಚೂರೇ ಉಸಿರು ತಗೊಂಡೆ. ಇಲ್ಲದಿದ್ದರೆ ಗಾಳಿ ಯಾವಾಗಲೋ ಮುಗಿದಿರುತ್ತಿತ್ತು.”

ನಾನು ಬಡಿದಿರಲಿಲ್ಲ. ಕಡ್ಡಿಯನ್ನು ಸೊಂಟದಿಂದ ತೆಗೆದೇ ಇರಲಿಲ್ಲ. ತೆಪ್ಪದವರ ಹುಟ್ಟುಗಳೂ ನಿಂತಿದ್ದವು. ನಾನು ಒಳಕಲ್ಲಿನ ಮೇಲಿನ ಪಾತ್ರೆಯ ಸಂಗತಿ ಹೇಳಿದೆ, ಅನಿಲದ ಲೆಕ್ಕವನ್ನೂ ಬಿಡಿಸಿ ಹೇಳಿದೆ.

“ಆದರೆ ನಾನು ಬಡಿದ ಮೇಲೇ ಬರುತ್ತಿತ್ತು. ಪ್ರತಿ ಸಲವೂ,” ಎಂದರು ಮೇಡಂ.

“ಹೆದರಿದಾಗ ಹಾಗನ್ನಿಸುತ್ತೆ ಮೇಡಂ,” ಎಂದೆ.

ತೆಪ್ಪದಣ್ಣ ನನ್ನನ್ನೇ ನೋಡುತ್ತಿದ್ದ. “ಒಳಕಲ್ಲು ಬಾಗ್ಲಿಗೆ ಎಡ್ಕಿತ್ತಾ, ಬಲ್ಕಿತ್ತಾ?”

“ಗೊತ್ತಾಗಲಿಲ್ಲ ಕಣಣ್ಣ. ಎಲ್ಲಾ ಮನೇಲೂ ಒಳಕಲ್ಲು ಇದ್ದೇ ಇರ್ತಿತ್ತಲ್ಲ.”

“ಔದು, ಇರ್ತಿತ್ತು,” ಎಂದು ಸ್ಟೋವಿನ ಕಡೆ ತಿರುಗಿಕೊಂಡ.

ಬೆಳಿಗ್ಗೆ ಸಾಮಾನು ಕಟ್ಟಿದೆವು. ಮೇಡಂ ಡ್ರಮ್ಮಿನ ಮೇಲೆ ಬಿಸಿಲಿಗೆ ಕೂತಿದ್ದರು. ತೆಪ್ಪದಣ್ಣ ಬಂದು “ತಮ್ಮ, ಒಂದ್ಗಳ್ಗೆ ಬಾ” ಎಂದು ಕರೆದ. ತೆಪ್ಪ ಹತ್ತಿದೆ. ಒಣಮರವೂ ಬೋಳು ದಿಣ್ಣೆಯೂ ಒಂದೇ ಗೆರೆಗೆ ಬರುವಲ್ಲಿ ಹುಟ್ಟು ನಿಲ್ಲಿಸಿದ. ಬೇರೆ ಯಾವ ತೆಪ್ಪವೂ ಆ ಕಡೆ ಇರಲಿಲ್ಲ. ನಮ್ಮ ಪಕ್ಕದಲ್ಲೇ ಒಂದು ಹಿಡಿ ಗುಳ್ಳೆ ಬಂದು ಒಡೆಯಿತು.

“ತಳದ್ ಸದ್ದು ನೀರ್ಮೇಲಕ್ಕೆ ಬರಕ್ಕಿಲ್ಲ ಅಂತ ನೀನೇ ಏಳ್ದೆ. ನಾನು ಕೂಗ್ತೀನಿ. ನೀನು ತಲೆ ಮುಳುಗ್ಸಿ ಕೇಳಪ್ಪ.”

ಅಣ್ಣಾ ಅದು ಪಾತ್ರೆ, ಅದು ಅನಿಲ ಎಂದು ಬಾಯ ತುದಿಗೆ ಬಂತು. ಅವನ ಮುಖ ನೋಡಿ ನುಂಗಿಕೊಂಡೆ. ಅಂಚು ಹಿಡಿದು ಬಗ್ಗಿ, ಕಿವಿ ಮುಳುಗುವವರೆಗೆ ತಲೆ ಇಳಿಸಿದೆ. ಕೆಳಗೆ ಡಿಕಾಕ್ಷನ್ ಬಣ್ಣದ ಕತ್ತಲು. ಅವನು “ಅವ್ವಾ” ಎಂದದ್ದು ತೆಪ್ಪದ ಚರ್ಮದ ಮೂಲಕ ಮಂಕಾಗಿ ಕೇಳಿತು. ಆಮೇಲೆ ಅಂಚಿಗೆ ಹುಟ್ಟಿನ ಎರಡು ಏಟು. ಆಮೇಲೆ ಏನೂ ಇಲ್ಲ. ಉಸಿರು ಕಟ್ಟಿ ಕಾದೆ. ಎದ್ದುಬಿಡೋಣ ಎಂದುಕೊಂಡೆ.

ಆಗ ಬಂತು.

ತಲೆ ಎತ್ತಿದೆ. ಅವನು ನನ್ನ ಕಡೆ ನೋಡುತ್ತಿರಲಿಲ್ಲ, ಒಣಮರದ ಕಡೆ ನೋಡುತ್ತಿದ್ದ.

“ಬಂತಾ?”

“ಬಂತು ಕಣಣ್ಣ. ಎರಡು.”

“ಅಂಗಾರೆ ಸರಿ ಬುಡು,” ಎಂದು ತೆಪ್ಪ ತಿರುಗಿಸಿದ. ಡ್ರಮ್ಮು ಮುಟ್ಟುವವರೆಗೂ ಹುಟ್ಟು ಅಂಚಿಗೆ ತಾಗದ ಹಾಗೆ ನಿಧಾನವಾಗಿ ಹಾಕುತ್ತ ಬಂದ.